ಸರ್ಕಾರಿ ಪ್ರೌಢಶಾಲೆಯಲ್ಲಿ ಸಂವಿಧಾನ ಕಡ್ಡಾಯ: ಏನು ಕಡ್ಡಾಯವಾಗಬೇಕು, ಹೇಗೆ ಕಲಿಸಬೇಕು?

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಶಿಕ್ಷಕಿ. 8, 9 ಮತ್ತು 10ನೇ ತರಗತಿ ಸೇರಿ ಸುಮಾರು 150 ಮಕ್ಕಳಿದ್ದಾರೆ, ಈ ವಿಷಯಕ್ಕೆ ಇರುವವಳು ನಾನೊಬ್ಬಳೇ. ಬೆಳಗಿನ ಪ್ರಾರ್ಥನೆಯಲ್ಲಿ ಸಂವಿಧಾನದ ಪೀಠಿಕೆ ಓದಿಸುತ್ತೇವೆ. ಮಕ್ಕಳಿಗೆ ಅದು ಬಾಯಿಪಾಠವಾಗಿದೆ, ಆದರೆ ಅರ್ಥವಾಗಿದೆ ಅನ್ನಿಸುತ್ತಿಲ್ಲ. ಈಗ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಸಂವಿಧಾನವನ್ನು ಪ್ರತ್ಯೇಕ ಕಡ್ಡಾಯ ವಿಷಯ ಮಾಡಿ ಎನ್ನುತ್ತಿದ್ದಾರೆ. ಹಾಗೆ ಮಾಡಲು ಶಾಲೆಗೆ ಅಧಿಕಾರವಿದೆಯೇ? ಇದ್ದರೆ ವಾರಕ್ಕೆ ಎಷ್ಟು ಅವಧಿ ಬೇಕು, ಏನು ಕಲಿಸಬೇಕು, ಅಂಕ ಹೇಗೆ ಕೊಡಬೇಕು? ಜಾತಿ, ಧರ್ಮದ ಮಾತು ಬಂದು ಊರಲ್ಲಿ ಗಲಾಟೆಯಾದರೆ ಏನು ಮಾಡಬೇಕು?

ಉತ್ತರ: ಸಂವಿಧಾನ ಶಿಕ್ಷಣ ಕಡ್ಡಾಯವಾಗಲೇಬೇಕು. ಸರ್ಕಾರಿ ಶಾಲೆಯ ಮಗುವಿಗೆ ಪೊಲೀಸ್ ಠಾಣೆ, ಪಂಚಾಯಿತಿ, ತಾಲ್ಲೂಕು ಕಚೇರಿಯ ಮುಂದೆ ನಿಂತಾಗ ತನ್ನ ಹಕ್ಕೇನು ಎಂದು ಹೇಳಿಕೊಡುವವರು ಮನೆಯಲ್ಲಿ ಇರುವುದು ಅಪರೂಪ, ಶಾಲೆಯೇ ಹೇಳಿಕೊಡಬೇಕು. ಆದರೆ ಅದಕ್ಕೆ ಇನ್ನೊಂದು ಪಠ್ಯಪುಸ್ತಕ, ಇನ್ನೊಂದು ಪ್ರಶ್ನೆಪತ್ರಿಕೆ ಬೇಕಿಲ್ಲ. ಕಡ್ಡಾಯವಾಗಬೇಕಾದ್ದು ಮೂರು: ವಾರಕ್ಕೆ ಯಾರೂ ಕಿತ್ತುಕೊಳ್ಳಲಾಗದ ಒಂದು ಅವಧಿ, ಆ ಅವಧಿಯಲ್ಲಿ ಒಂದು ವಿಧಿಯ ಮೂಲ ಪಾಠ, ಆ ವಿಧಿ ಕೆಲಸ ಮಾಡಿದ ಒಂದು ನಿಜವಾದ ಪ್ರಕರಣ.

ಮೊದಲು ಅಧಿಕಾರದ ಪ್ರಶ್ನೆ. ಶಿಕ್ಷಣ ಮೊದಲು ರಾಜ್ಯ ಪಟ್ಟಿಯಲ್ಲಿತ್ತು. 1976ರ 42ನೇ ತಿದ್ದುಪಡಿ ಅದನ್ನು ಸಮವರ್ತಿ ಪಟ್ಟಿಯ 25ನೇ ನಮೂದಿಗೆ ತಂದಿತು. ಹಾಗಾಗಿ ಸಂಸತ್ತೂ ಕಾನೂನು ಮಾಡಬಹುದು, ರಾಜ್ಯವೂ ಮಾಡಬಹುದು. ನಮ್ಮಲ್ಲಿ ಕರ್ನಾಟಕ ಶಿಕ್ಷಣ ಕಾಯ್ದೆ 1983ರ 7ನೇ ಸೆಕ್ಷನ್ ಪಠ್ಯಕ್ರಮ ನಿಗದಿ ಮಾಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಸಂವಿಧಾನದಲ್ಲಿರುವ ನಾಗರಿಕ ಕರ್ತವ್ಯಗಳ ಅರಿವು ಮೂಡಿಸುವುದನ್ನೂ ಪಠ್ಯಕ್ರಮದಲ್ಲಿ ಸೇರಿಸಬಹುದು ಎಂದು ಅದೇ ಸೆಕ್ಷನ್ ಹೇಳುತ್ತದೆ. ಅಂದರೆ ಹೊಸ ವಿಷಯ ಸೇರಿಸುವುದು, ಅದಕ್ಕೆ ಎಸ್‌ಎಸ್‌ಎಲ್‌ಸಿಯಲ್ಲಿ ಪರೀಕ್ಷೆ ಇಡುವುದು ಎಸ್‌ಡಿಎಂಸಿ ಠರಾವಿನಿಂದ ಆಗುವ ಕೆಲಸವಲ್ಲ. ಈಗಿರುವ ಸಮಾಜ ವಿಜ್ಞಾನದ ಅವಧಿಗಳಲ್ಲಿ ವಾರಕ್ಕೊಂದನ್ನು ಸಂವಿಧಾನಕ್ಕೆ ಮೀಸಲಿಟ್ಟು ವೇಳಾಪಟ್ಟಿಯಲ್ಲಿ ಹಾಗೆಂದೇ ಬರೆಯುವುದು ಮುಖ್ಯ ಶಿಕ್ಷಕರ ಕೈಯಲ್ಲಿದೆ, ಅದಕ್ಕೆ ಯಾವ ಆದೇಶವೂ ಬೇಕಿಲ್ಲ. ರಾಜ್ಯಕ್ಕೆ ಬೇಡಿಕೆ ಸಲ್ಲಿಸಬೇಕು ಅಂತಿದ್ದರೆ ಎಸ್‌ಡಿಎಂಸಿ ಠರಾವು ಮಾಡಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೂಲಕ ಕಳಿಸಲಿ. ಆ ಉತ್ತರಕ್ಕಾಗಿ ಕಾಯುತ್ತಾ ಜೂನ್ ಕಳೆಯುವುದು ಬೇಡ.

ಇನ್ನೊಂದು ಕಾನೂನಿನ ಅಂಶ ಸಾಮಾನ್ಯವಾಗಿ ಗಮನಕ್ಕೆ ಬರುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರ 29ನೇ ಸೆಕ್ಷನ್ ಪ್ರಕಾರ ಪಠ್ಯಕ್ರಮ ಸಂವಿಧಾನದ ಮೌಲ್ಯಗಳಿಗೆ ಅನುಗುಣವಾಗಿರಲೇಬೇಕು. ಆದರೆ ಆ ಕಾಯ್ದೆ 1ರಿಂದ 8ನೇ ತರಗತಿವರೆಗೆ ಮಾತ್ರ. ನಿಮ್ಮ ಶಾಲೆಯಲ್ಲಿ 8ನೇ ತರಗತಿ ಅದರೊಳಗಿದೆ, 9 ಮತ್ತು 10 ಹೊರಗಿವೆ. ಮಗು ಕಾಯ್ದೆಯ ಆಸರೆಯಿಂದ ಹೊರಬರುವ ಹೊತ್ತಿಗೆ ತನ್ನ ಹಕ್ಕು ತಾನೇ ಓದಿಕೊಳ್ಳುವಂತಾಗಬೇಕು. ಎಂಟನೇ ತರಗತಿಯಿಂದಲೇ ಶುರು ಮಾಡಿ ಎನ್ನಲು ಇದೇ ಮುಖ್ಯ ಕಾರಣ.

ಪ್ರತ್ಯೇಕ ವಿಷಯ ಬೇಡ ಎನ್ನುವುದಕ್ಕೂ ಕಾರಣವಿದೆ. ಪರಿಸರ ಶಿಕ್ಷಣದ ಉದಾಹರಣೆ ನೋಡಿ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರ ನವೆಂಬರ್ 22ರಂದು ಪರಿಸರವನ್ನು ಶಾಲಾ ಕಾಲೇಜುಗಳಲ್ಲಿ ಕಡ್ಡಾಯವಾಗಿ ಕಲಿಸಬೇಕೆಂದು ನಿರ್ದೇಶಿಸಿತು. ಉದ್ದೇಶ ದೊಡ್ಡದೇ. ಆದರೆ ಎಷ್ಟೋ ಕಡೆ ಅದು ಅಂಗಡಿಯಲ್ಲಿ ಸಿಗುವ ಚಾರ್ಟು ಅಂಟಿಸಿದ ಪ್ರಾಜೆಕ್ಟ್ ಪುಸ್ತಕವಾಗಿ, ಕೊನೆಯ ವಾರದಲ್ಲಿ ಎಲ್ಲರಿಗೂ ಒಂದೇ ಅಂಕ ಹಾಕುವ ವಿಷಯವಾಗಿ ಉಳಿಯಿತು. ತರಬೇತಿ ಪಡೆದ ಶಿಕ್ಷಕರಿಲ್ಲದೆ, ಅವಧಿ ಮೀಸಲಿಡದೆ ಹೊಸ ವಿಷಯ ಸೇರಿಸಿದರೆ ಸಂವಿಧಾನಕ್ಕೂ ಅದೇ ಗತಿ. ಒಂದೇ ದಿನದ ಆಚರಣೆಯ ಕಥೆಯೂ ಹೀಗೆಯೇ. ನವೆಂಬರ್ 26ರ ಸಂವಿಧಾನ ದಿನ 2015ರಿಂದ ನಡೆಯುತ್ತಿದೆ. ಅಮೆರಿಕದಲ್ಲೂ ಕೇಂದ್ರದ ಹಣ ಪಡೆಯುವ ಶಾಲೆಗಳು ಸೆಪ್ಟೆಂಬರ್ 17ರಂದು ಸಂವಿಧಾನದ ಕಾರ್ಯಕ್ರಮ ನಡೆಸಬೇಕೆಂಬ ಕಾನೂನು 2004ರಿಂದ ಇದೆ. ದಿನಾಚರಣೆಯಿಂದ ನೆನಪು ಹಸಿರಾಗುತ್ತದೆ, ಕಲಿಕೆಗೆ ವಾರವಾರದ ಅವಧಿಯೇ ಬೇಕು.

ಬೆಳಗಿನ ಪೀಠಿಕೆ ಓದನ್ನು ನಿಲ್ಲಿಸಬೇಡಿ, ಸ್ವಲ್ಪ ಬದಲಿಸಿ. ದಿನವೂ ಎಲ್ಲರೂ ಒಟ್ಟಿಗೆ ಹೇಳಿದರೆ ಆರನೇ ವಾರಕ್ಕೆ ಅದು ಬರಿಯ ರಾಗವಾಗುತ್ತದೆ. ಸೋಮವಾರ ಪೂರ್ಣ ಪೀಠಿಕೆ ಇರಲಿ. ಉಳಿದ ದಿನ ಒಬ್ಬ ವಿದ್ಯಾರ್ಥಿ ಒಂದು ಪದಗುಚ್ಛ ಓದಿ, ಅದಕ್ಕೆ ಸಂಬಂಧಿಸಿದ ಒಂದು ವಿಧಿ ಹೇಳಿ, ಒಂದು ನಿಮಿಷದಲ್ಲಿ ಶಾಲೆ ಅಥವಾ ಊರಿನ ಒಂದು ಉದಾಹರಣೆ ಕೊಡಲಿ. "ಸ್ಥಾನಮಾನ ಮತ್ತು ಅವಕಾಶ ಸಮಾನತೆ" ಅಂದರೆ 14ರಿಂದ 18ನೇ ವಿಧಿಗಳು. "ವಿಚಾರ, ಅಭಿವ್ಯಕ್ತಿ" ಅಂದರೆ 19. "ಧರ್ಮಶ್ರದ್ಧೆ, ಉಪಾಸನೆ" ಅಂದರೆ 25ರಿಂದ 28. ಯಾರು ಯಾವ ದಿನ ಎಂಬ ಪಟ್ಟಿಯನ್ನು ಹಿಂದಿನ ಶುಕ್ರವಾರವೇ ಗೋಡೆಗೆ ಹಚ್ಚಿ. ಚೆನ್ನಾಗಿ ಮಾತನಾಡುವ ನಾಲ್ಕೈದು ಮಕ್ಕಳಿಗೇ ಅದು ಮೀಸಲಾಗದಂತೆ ಹಾಜರಿ ಪುಸ್ತಕದ ಕ್ರಮದಲ್ಲಿ ಕರೆಯಿರಿ.

ವರ್ಷದ ಲೆಕ್ಕ

ಜೂನ್‌ನಿಂದ ಮಾರ್ಚ್‌ವರೆಗೆ ರಜೆ, ಪರೀಕ್ಷೆ, ಕ್ರೀಡಾಕೂಟ, ಪ್ರತಿಭಾ ಕಾರಂಜಿ ಎಲ್ಲ ಕಳೆದರೆ ವಾರಕ್ಕೊಂದರಂತೆ 28 ಅವಧಿ ಸಿಕ್ಕರೆ ಹೆಚ್ಚು. 10ನೇ ತರಗತಿಗೆ ಜನವರಿಯಿಂದ ಪುನರಾವರ್ತನೆ, ಪೂರ್ವಸಿದ್ಧತಾ ಪರೀಕ್ಷೆ ಶುರುವಾಗುವುದರಿಂದ 18 ಎಂದು ಇಟ್ಟುಕೊಳ್ಳಿ. ಮೂರು ತರಗತಿಗೂ ಬೇರೆಬೇರೆ ಪಾಠ ಸಿದ್ಧಪಡಿಸುವುದು ಒಬ್ಬರಿಗೆ ಹೊರೆ. ಆದ್ದರಿಂದ ವರ್ಷಕ್ಕೆ 12 ಪ್ರಕರಣ ಹಾಳೆ (ಒಂದು ವಿಧಿ, ಒಂದು ಪ್ರಕರಣ ಇರುವ ಒಂದು ಪುಟ) ಮಾತ್ರ ಮಾಡಿಕೊಳ್ಳಿ. ಒಂದು ಹಾಳೆ ಎರಡು ಅವಧಿ ನಡೆಯುತ್ತದೆ, ಕೆಲವು ಹಾಳೆಗಳನ್ನು ಎರಡು ತರಗತಿಗೂ ಬಳಸಬಹುದು.

8ನೇ ತರಗತಿಗೆ ಊರು, ಶಾಲೆ, ಸಮಾನತೆ: 14 ಮತ್ತು 15 (ಸಮಾನತೆ, ತಾರತಮ್ಯ ನಿಷೇಧ), 17 (ಅಸ್ಪೃಶ್ಯತೆ ನಿಷೇಧ), 21ಎ (ಶಿಕ್ಷಣ ಹಕ್ಕು), 23 ಮತ್ತು 24 (ಬಲವಂತದ ದುಡಿಮೆ, ಬಾಲಕಾರ್ಮಿಕ ಪದ್ಧತಿಯ ನಿಷೇಧ) ವಿಧಿಗಳು, ಮತ್ತು ಗ್ರಾಮ ಪಂಚಾಯಿತಿಗೆ ಸಂಬಂಧಿಸಿದ 243ರ ಸರಣಿ. 1992ರ 73ನೇ ತಿದ್ದುಪಡಿ, 11ನೇ ಅನುಸೂಚಿಯ 29 ವಿಷಯಗಳ ಪಟ್ಟಿಯನ್ನು ಮಕ್ಕಳ ಕೈಗೆ ಕೊಟ್ಟು, ಇದರಲ್ಲಿ ನಮ್ಮ ಪಂಚಾಯಿತಿ ಯಾವುದನ್ನು ಮಾಡುತ್ತಿದೆ ಎಂದು ಗುರುತು ಹಾಕಿಸಿದರೆ ಎರಡು ಅವಧಿ ತಾನಾಗಿ ತುಂಬುತ್ತದೆ. 9ನೇ ತರಗತಿಗೆ ಸಂವಿಧಾನ ರಚನಾ ಸಭೆ, 19ರಿಂದ 22 (ಸ್ವಾತಂತ್ರ್ಯದ ಹಕ್ಕುಗಳು), 25ರಿಂದ 30 (ಧರ್ಮ, ಸಂಸ್ಕೃತಿಯ ಹಕ್ಕುಗಳು), 32 ಮತ್ತು 226 (ಹಕ್ಕಿಗಾಗಿ ಕೋರ್ಟಿಗೆ ಹೋಗುವ ದಾರಿ). 10ನೇ ತರಗತಿಯ ರಾಜ್ಯಶಾಸ್ತ್ರ ಭಾಗ ದೇಶದ ಸವಾಲುಗಳು, ವಿದೇಶಾಂಗ ನೀತಿ, ಅಂತರರಾಷ್ಟ್ರೀಯ ಸಂಸ್ಥೆಗಳ ಕಡೆ ಹೊರಳುವುದರಿಂದ, ಮಕ್ಕಳು ಶಾಲೆ ಬಿಡುವ ವರ್ಷವೇ ಸಂವಿಧಾನ ಕೈತಪ್ಪುತ್ತದೆ. ಆ 18 ಅವಧಿಗಳನ್ನು ತಿದ್ದುಪಡಿ, ನ್ಯಾಯಾಂಗ, ಮತದಾನ ಮತ್ತು ಅರ್ಜಿ ಬರೆಯುವ ಕೆಲಸಕ್ಕೆ ಇಡಿ.

ರಚನಾ ಸಭೆಯ ಪಾಠದಲ್ಲಿ ದಿನಾಂಕಗಳ ಮಾಲೆ ಕಟ್ಟುವುದು ಸುಲಭ: 1946ರ ಡಿಸೆಂಬರ್ 9ರ ಮೊದಲ ಸಭೆ, 1947ರ ಆಗಸ್ಟ್ 29ರ ಕರಡು ಸಮಿತಿ, 1949ರ ನವೆಂಬರ್ 26ರ ಅಂಗೀಕಾರ. ಇವು ಬೇಕು, ಆದರೆ ಹತ್ತು ನಿಮಿಷ ಸಾಕು. ಉಳಿದ ಸಮಯ ವಾದವಿವಾದಕ್ಕೆ ಕೊಡಿ. ಅಲ್ಲಿ ನಮ್ಮವರೂ ಇದ್ದರು. ಸಂವಿಧಾನ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್ ಕರಾವಳಿಯವರು. ಮೈಸೂರಿನಿಂದ ಕೆ.ಸಿ. ರೆಡ್ಡಿ, ಕೆ. ಹನುಮಂತಯ್ಯ, ಟಿ. ಚನ್ನಯ್ಯ ಮುಂತಾದವರು, ಮುಂಬೈ ಪ್ರಾಂತ್ಯದ ಕಡೆಯಿಂದ ಎಸ್. ನಿಜಲಿಂಗಪ್ಪ, ಆರ್.ಆರ್. ದಿವಾಕರ ಸದಸ್ಯರಾಗಿದ್ದರು. ಹನುಮಂತಯ್ಯನವರು 1949ರ ನವೆಂಬರ್‌ನಲ್ಲಿ, ನಮಗೆ ಬೇಕಾಗಿದ್ದದ್ದು ವೀಣೆ ಸಿತಾರಿನ ಸಂಗೀತ, ಸಿಕ್ಕಿದ್ದು ಇಂಗ್ಲಿಷ್ ಬ್ಯಾಂಡು ಎಂಬರ್ಥದ ಟೀಕೆಯನ್ನು ಸಭೆಯಲ್ಲೇ ಮಾಡಿದರು. ಈ ಟೀಕೆಯನ್ನು ಮಕ್ಕಳ ಮುಂದಿಡಿ. ಡಾ. ಅಂಬೇಡ್ಕರ್ ಅವರು ಎಂಥ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾ ಕರಡನ್ನು ದಡ ಮುಟ್ಟಿಸಿದರು ಎಂಬುದು ಆಗಲೇ ತಿಳಿಯುವುದು. ವಾದ ಮಾಡಿದರೂ ಒಟ್ಟಿಗೆ ಸಹಿ ಹಾಕಿದರು ಎಂಬುದೇ ಆ ಪಾಠದ ಜೀವ.

ಒಂದು ಅವಧಿ ಹೇಗೆ ನಡೆಯಬೇಕು

ಹಾಳೆಯ ಮೊದಲ ಅವಧಿಯ 40 ನಿಮಿಷವನ್ನು ಹೀಗೆ ಹಂಚಿ (ಉಳಿದ ಚರ್ಚೆ, ಬರಹ ಎರಡನೇ ಅವಧಿಗೆ): ವಿಧಿಯನ್ನು ಗಟ್ಟಿಯಾಗಿ ಓದಲು 5 ನಿಮಿಷ, ಪ್ರಕರಣದ ಸಂಗತಿ ಓದಲು 7, ಐದೈದು ಜನರ ಗುಂಪಿನಲ್ಲಿ ಚರ್ಚೆಗೆ 13, ಗುಂಪುಗಳ ಮಾತಿಗೆ 7, ತೀರ್ಪು ಹೇಳಿ ಟಿಪ್ಪಣಿ ಬರೆಸಲು 8. ಹಾಳೆ ಎ4ನ ಒಂದೇ ಪುಟ. ಮೇಲ್ಭಾಗದಲ್ಲಿ ವಿಧಿಯ ಮೂಲ ಪಾಠ, ಸರ್ಕಾರದ ಕನ್ನಡ ಆವೃತ್ತಿಯಿಂದ ಪದ ಬದಲಿಸದೆ. ಕೆಳಗೆ ಹತ್ತು ಹನ್ನೆರಡು ಸಾಲಿನಲ್ಲಿ ಸಂಗತಿ. ಕೊನೆಗೆ ಮೂರು ಪ್ರಶ್ನೆ. ತೀರ್ಪು ಹಾಳೆಯಲ್ಲಿ ಇರಲೇಬಾರದು. ಇಬ್ಬರಿಗೆ ಒಂದು ಪ್ರತಿ ಸಾಕು, ಅಂದರೆ 50 ಮಕ್ಕಳಿಗೆ 25 ಝೆರಾಕ್ಸ್. ಸಂಗ್ರಹಿಸಿಟ್ಟರೆ ಮುಂದಿನ ವರ್ಷಕ್ಕೂ ಬರುತ್ತವೆ.

9ನೇ ತರಗತಿಗೆ ಇದಕ್ಕಿಂತ ಒಳ್ಳೆಯ ಮೊದಲ ಪ್ರಕರಣ ಸಿಗುವುದು ಕಷ್ಟ: ಬಿಜೋ ಇಮ್ಯಾನುಯೆಲ್ ವಿರುದ್ಧ ಕೇರಳ ರಾಜ್ಯ. 1985ರ ಜುಲೈನಲ್ಲಿ ಕೇರಳದ ಶಾಲೆಯೊಂದರಿಂದ ಮೂವರು ಒಡಹುಟ್ಟಿದವರನ್ನು ಹೊರಗೆ ಹಾಕಿದರು. ಅವರು 10, 9 ಮತ್ತು 5ನೇ ತರಗತಿಯ ಮಕ್ಕಳು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಯೆಹೋವನ ಸಾಕ್ಷಿಗಳು ಎಂಬ ಅವರ ಪಂಥದ ನಂಬಿಕೆ ಅದಕ್ಕೆ ಅಡ್ಡಿ. ಹೈಕೋರ್ಟಿನಲ್ಲಿ ಮಕ್ಕಳಿಗೆ ಸೋಲಾಯಿತು. ಇಷ್ಟನ್ನು ಓದಿಸಿ ಮೂರು ಪ್ರಶ್ನೆ ಕೇಳಿ. ಮಕ್ಕಳು ಯಾರಿಗಾದರೂ ತೊಂದರೆ ಕೊಟ್ಟರೇ? ಹಾಡಲೇಬೇಕು ಎಂದು ಯಾವುದಾದರೂ ಕಾನೂನಿದೆಯೇ? 19(1)(ಎ) ಮತ್ತು 25(1)ರಲ್ಲಿ ಯಾವ ಪದಗಳು ಇಲ್ಲಿಗೆ ಅನ್ವಯವಾಗುತ್ತವೆ? ಕೊನೆಯ ಎಂಟು ನಿಮಿಷದಲ್ಲಿ ತೀರ್ಪು ಹೇಳಿ: 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಬೇಕೆಂದಿತು. ಹಾಡಲೇಬೇಕೆಂಬ ಕಾನೂನಿಲ್ಲ, ಗೌರವದಿಂದ ನಿಂತದ್ದು ಅಗೌರವವಲ್ಲ ಎಂಬುದು ಅದರ ತಿರುಳು.

ಇಲ್ಲಿ ಕೆಡುವುದು ಎರಡು ಕಡೆ. ಒಂದು, ಶಿಕ್ಷಕರು ಮೊದಲೇ ತೀರ್ಪು ಹೇಳಿಬಿಡುವುದು. ಆಮೇಲೆ ಮಕ್ಕಳು ಯೋಚಿಸುವುದಿಲ್ಲ, ನಿಮ್ಮ ಮುಖ ನೋಡಿ ಉತ್ತರ ಹೇಳುತ್ತಾರೆ. ಎರಡು, ಕೈ ಎತ್ತಿಸಿ ಬಹುಮತ ಕೇಳುವುದು. 45 ಜನ ಹಾಡಲೇಬೇಕು ಎಂದು ಕೈ ಎತ್ತಿದರೂ ಆ ಮೂವರ ಹಕ್ಕು ಹೋಗುವುದಿಲ್ಲ. ಮೂಲಭೂತ ಹಕ್ಕು ಇರುವುದೇ ಮತಕ್ಕೆ ಹಾಕಿ ಕಿತ್ತುಕೊಳ್ಳಬಾರದು ಎಂದು. ಪ್ರಜಾಪ್ರಭುತ್ವ ಅಂದರೆ ಬಹುಮತ ಎಂದಷ್ಟೇ ಎಂಟನೇ ತರಗತಿಯಲ್ಲಿ ಬರೆಸಿದ್ದನ್ನು ಇಲ್ಲಿ ತಿದ್ದಬೇಕು.

ಕನ್ನಡ ನಾಡಿನ ನಂಟಿರುವ ಪ್ರಕರಣಗಳೇ ಹತ್ತನೇ ತರಗತಿಗೆ ಸಾಲುತ್ತವೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ ಭೂಸುಧಾರಣೆ ಕಾನೂನಿನ ವಿರುದ್ಧ 1970ರಲ್ಲಿ ಅರ್ಜಿ ಹಾಕಿದರು. 13 ನ್ಯಾಯಮೂರ್ತಿಗಳ ಪೀಠ 1973ರ ಏಪ್ರಿಲ್ 24ರಂದು 7–6ರ ಬಹುಮತದಿಂದ, ಸಂಸತ್ತು ಸಂವಿಧಾನ ತಿದ್ದಬಹುದು ಆದರೆ ಅದರ ಮೂಲ ಸ್ವರೂಪ ಕೆಡಿಸುವಂತಿಲ್ಲ ಎಂದಿತು. ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು 1989ರ ಏಪ್ರಿಲ್‌ನಲ್ಲಿ ವಜಾ ಮಾಡಿದ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳು 1994ರ ಮಾರ್ಚ್ 11ರಂದು, ಬಹುಮತದ ಪರೀಕ್ಷೆ ನಡೆಯಬೇಕಾದ್ದು ಸದನದಲ್ಲಿ, ರಾಜಭವನದಲ್ಲಲ್ಲ ಎಂಬ ನಿಯಮ ಕೊಟ್ಟರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಿಂದ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ತೀರ್ಮಾನವಾಯಿತು. ಮೊಬೈಲ್ ಕೈಯಲ್ಲಿರುವ ಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಕರ್ನಾಟಕದ ಖಾಸಗಿ ವೈದ್ಯಕೀಯ ಕಾಲೇಜಿನ ದುಬಾರಿ ಶುಲ್ಕದ ವಿರುದ್ಧ ಹೂಡಿದ ದಾವೆಯಲ್ಲಿ ಶಿಕ್ಷಣವೂ ಹಕ್ಕು ಎಂದು 1992ರಲ್ಲಿ ತೀರ್ಪಾಯಿತು. ಅಲ್ಲಿಂದ ಆ ಹಕ್ಕನ್ನು 14 ವರ್ಷದವರೆಗೆ ಎಂದ 1993ರ ಉನ್ನಿಕೃಷ್ಣನ್ ತೀರ್ಪು, 21ಎ ವಿಧಿ ತಂದ 2002ರ 86ನೇ ತಿದ್ದುಪಡಿ, 2009ರ ಶಿಕ್ಷಣ ಹಕ್ಕು ಕಾಯ್ದೆ. ಒಂದು ಹಕ್ಕು ಕಾಗದದ ಮೇಲೆ ಬರಲು ಎಷ್ಟು ಮೆಟ್ಟಿಲು ಹತ್ತಬೇಕಾಯಿತು ಎಂದು ಕಪ್ಪುಹಲಗೆಯ ಮೇಲೆ ಗೆರೆ ಎಳೆದು ತೋರಿಸಿ.

15 ಮತ್ತು 17ನೇ ವಿಧಿ: ಇಲ್ಲಿ ಎಚ್ಚರ

15(2)ನೇ ವಿಧಿಯಲ್ಲಿ ಜಾಗಗಳ ಪಟ್ಟಿಯೇ ಇದೆ: ಅಂಗಡಿ, ಹೋಟೆಲು, ಮನರಂಜನೆಯ ಸ್ಥಳ, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ. ಮಕ್ಕಳಿಂದ ಊರಿನ ನಕ್ಷೆ ಬರೆಸಿ ಈ ಜಾಗಗಳನ್ನು ಗುರುತಿಸುವ ಚಟುವಟಿಕೆ ಎಲ್ಲರಿಗೂ ಹೊಳೆಯುತ್ತದೆ. ಆದರೆ ಅದು ಸರಿಯಾಗಿ ನಡೆಯದಿದ್ದರೆ ತರಗತಿಯಲ್ಲಿ ಯಾರ ಮನೆ ಎಲ್ಲಿ, ಯಾರು ಯಾವ ಕೇರಿ ಎಂದು ಬಯಲಾಗಿ, ಯಾರ ರಕ್ಷಣೆಗೆ ಆ ವಿಧಿ ಬಂದಿದೆಯೋ ಅದೇ ಮಗು ತಲೆ ತಗ್ಗಿಸಿ ಕೂರುತ್ತದೆ. ಮನೆಗಳನ್ನು ಬರೆಸಬೇಡಿ, ಸಾರ್ವಜನಿಕ ಜಾಗ ಮಾತ್ರ ಬರೆಸಿ. "ನಿಮ್ಮ ಅನುಭವ ಹೇಳಿ" ಎಂದು ದಲಿತ ಮಕ್ಕಳನ್ನು ಎಬ್ಬಿಸಬೇಡಿ. ಹೆಸರಿಲ್ಲದ ಚೀಟಿಯಲ್ಲಿ ಎಲ್ಲರೂ ಬರೆಯಲಿ: ಊರಲ್ಲಿ ಯಾರಿಗಾದರೂ ಪ್ರವೇಶವಿಲ್ಲದ, ಬೇರೆ ಲೋಟ ಇಡುವ ಜಾಗವಿದೆಯೇ, ಹೌದು ಅಥವಾ ಇಲ್ಲ. ಚೀಟಿ ನೀವೇ ಓದಿ, ಮೊತ್ತ ಮಾತ್ರ ಹೇಳಿ, ಕೈಬರಹ ಯಾರಿಗೂ ತೋರಿಸಬೇಡಿ. ನಿಜವಾದ ದೂರು ಹೊರಬಂದರೆ ಅದು ತರಗತಿಯ ಚರ್ಚೆಯಲ್ಲ. ಮಗುವಿನ ಜೊತೆ ಪ್ರತ್ಯೇಕವಾಗಿ ಮಾತಾಡಿ, ಮುಖ್ಯ ಶಿಕ್ಷಕರಿಗೆ ಬರವಣಿಗೆಯಲ್ಲಿ ತಿಳಿಸಿ, ಅಗತ್ಯ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಈ ಪಾಠಕ್ಕೆ ಮುಂಚೆ ಶಾಲೆಯನ್ನೇ ಒಮ್ಮೆ ನೋಡಿಕೊಳ್ಳಿ. ಬಿಸಿಯೂಟದ ಸಾಲಿನಲ್ಲಿ ಯಾರು ಎಲ್ಲಿ ಕೂರುತ್ತಾರೆ, ಶೌಚಾಲಯ ಯಾರಿಂದ ತೊಳೆಸುತ್ತಾರೆ, ನೀರಿನ ಕೊಡ ಮುಟ್ಟುವವರು ಯಾರು? ಮಕ್ಕಳಿಂದ ಶೌಚಗುಂಡಿ ಸ್ವಚ್ಛ ಮಾಡಿಸಿದ ಸುದ್ದಿ ನಮ್ಮ ರಾಜ್ಯದಲ್ಲೇ ಬಂದಿದೆ, ಅದು ಶುದ್ಧ ಅಪರಾಧ. ಬೆತ್ತ ಹಿಡಿದು ಜೀವ, ಸ್ವಾತಂತ್ರ್ಯ ಕಾಯುವ 21ನೇ ವಿಧಿ ಕಲಿಸಲು ಆಗುವುದಿಲ್ಲ. ಶಾಲೆಯ ನಡವಳಿಕೆ ಒಂದು, ಹಾಳೆಯ ಮೇಲಿನ ಮಾತು ಇನ್ನೊಂದು ಆದರೆ ಮಕ್ಕಳು ನಂಬುವುದು ನಡವಳಿಕೆಯನ್ನೇ.

ಪದೇಪದೇ ಆಗುವ ತಪ್ಪುಗಳು

ಹಕ್ಕು ಯಾರ ವಿರುದ್ಧ ಎಂಬುದು ಮಕ್ಕಳಿಗೆ ಸ್ಪಷ್ಟವಿರುವುದಿಲ್ಲ. ಅಪ್ಪ ಮೊಬೈಲ್ ಕೊಡಲಿಲ್ಲ, ಹಕ್ಕಿಗೆ ಧಕ್ಕೆಯಾಯಿತು ಎನ್ನುತ್ತಾರೆ. 14, 19ನೇ ವಿಧಿಗಳು ಮುಖ್ಯವಾಗಿ ಸರ್ಕಾರದ ವಿರುದ್ಧದ ರಕ್ಷಣೆ. ಆದರೆ 15(2), 17, 23, 24 ಅಂಗಡಿ ಮಾಲೀಕ, ಜಮೀನ್ದಾರ, ಕಾರ್ಖಾನೆಯವರಿಗೂ ತಗಲುತ್ತವೆ. ಈ ವ್ಯತ್ಯಾಸಕ್ಕೆ ಒಂದಿಡೀ ಅವಧಿ ಕೊಟ್ಟರೂ ನಷ್ಟವಿಲ್ಲ.

ಹಳೆಯ ಟಿಪ್ಪಣಿಗಳಲ್ಲಿ ಇನ್ನೂ ಏಳು ಮೂಲಭೂತ ಹಕ್ಕು ಎಂದಿರುತ್ತದೆ. 1978ರ 44ನೇ ತಿದ್ದುಪಡಿ ಆಸ್ತಿ ಹಕ್ಕನ್ನು ಆ ಪಟ್ಟಿಯಿಂದ ತೆಗೆದು 300ಎ ವಿಧಿಗೆ ಕಳಿಸಿತು, ಈಗ ಆರು. ಹಿಂದಿ ರಾಷ್ಟ್ರಭಾಷೆ ಎಂದು ಬರೆಸುವುದೂ ತಪ್ಪು. 343ನೇ ವಿಧಿ ಕೇಂದ್ರದ ಆಡಳಿತ ಭಾಷೆಯ ಮಾತಾಡುತ್ತದೆ, ಸಂವಿಧಾನ ಯಾವ ಭಾಷೆಯನ್ನೂ ರಾಷ್ಟ್ರಭಾಷೆ ಎಂದಿಲ್ಲ. ಮತದಾನವನ್ನು ಮೂಲಭೂತ ಹಕ್ಕುಗಳ ಪಟ್ಟಿಗೆ ಸೇರಿಸುವವರಿದ್ದಾರೆ, ಅದು 326ನೇ ವಿಧಿಯಿಂದ ಬಂದದ್ದು, ಮೂರನೇ ಭಾಗದಲ್ಲಿಲ್ಲ. ಸಮಾನತೆ ಅಂದರೆ ಎಲ್ಲರಿಗೂ ಒಂದೇ ಥರ ಎಂದು ನಿಲ್ಲಿಸಿದರೆ ಮಹಿಳೆಯರು, ಮಕ್ಕಳು, ಹಿಂದುಳಿದವರಿಗೆ ವಿಶೇಷ ಅವಕಾಶ ಕೊಡುವ 15(3), 15(4) ಅರ್ಥವಾಗದೆ ಮೀಸಲಾತಿಯ ಮಾತು ಜಗಳವಾಗುತ್ತದೆ. ಆ ಎರಡು ಉಪವಿಧಿಗಳನ್ನು 15(1)ರ ಜೊತೆಗೇ ಓದಿಸಿ.

ಎಲ್ಲಕ್ಕಿಂತ ದೊಡ್ಡ ತಪ್ಪು, ಸಂವಿಧಾನವನ್ನು ಶಿಸ್ತಿನ ಬೆತ್ತ ಮಾಡುವುದು. 51ಎ ವಿಧಿಯ 11 ಕರ್ತವ್ಯಗಳನ್ನು ಮಾತ್ರ ಗೋಡೆಗೆ ಬರೆಸಿ ಹಕ್ಕುಗಳನ್ನು ಬಿಡುವ ಶಾಲೆಗಳಿವೆ. ಕರ್ತವ್ಯಗಳು 1976ರಲ್ಲಿ ಸೇರಿದವು, 11ನೆಯದು 2002ರಲ್ಲಿ. ಅವುಗಳನ್ನು ಮುರಿದರೆ ಆ ವಿಧಿಯಡಿ ನೇರವಾಗಿ ಶಿಕ್ಷೆಯಿಲ್ಲ. ಹಕ್ಕು ಮುರಿದರೆ 32, 226ರಡಿ ಕೋರ್ಟಿಗೆ ಹೋಗಬಹುದು. 11ನೆಯ ಕರ್ತವ್ಯ ಪೋಷಕರ ಮೇಲಿದೆ: 6ರಿಂದ 14 ವರ್ಷದ ಮಗುವಿಗೆ ಶಿಕ್ಷಣದ ಅವಕಾಶ ಕೊಡುವುದು. ಪೋಷಕರ ಸಭೆಯಲ್ಲಿ ಓದಬೇಕಾದ್ದು ಅದು.

ಶಾಲಾ ಸಂಸತ್ತು, ಪಂಚಾಯಿತಿ, ಅರ್ಜಿ

ಶಾಲಾ ಸಂಸತ್ತು ಹೆಚ್ಚಿನ ಕಡೆ ಶಿಕ್ಷಕರು ಆರಿಸಿದ ಜಾಣ ಮಕ್ಕಳ ಪಟ್ಟಿ. ಅದನ್ನು ಸರಿಪಡಿಸಲು ದೊಡ್ಡ ಖರ್ಚಿಲ್ಲ. ಜೂನ್ ಕೊನೆಯೊಳಗೆ ನಾಮಪತ್ರ, ಮೂರು ದಿನ ಪ್ರಚಾರ, ಒಂದು ರಟ್ಟಿನ ಡಬ್ಬಿ, ಮಡಚುವ ಚೀಟಿ, ಪರದೆಯ ಹಿಂದೆ ಗುಟ್ಟಿನ ಮತದಾನ. ಆಮೇಲೆ ಸಂಸತ್ತಿಗೆ ನಿಜವಾದ ಒಂದು ಅಧಿಕಾರ ಕೊಡಿ: ಗ್ರಂಥಾಲಯದ ಸಮಯ, ಆಟದ ಸಾಮಾನು ಹಂಚಿಕೆ, ಕೈತೋಟದ ಸರದಿ, ಯಾವುದಾದರೂ ಒಂದು. ಅಧಿಕಾರವಿಲ್ಲದ ಸಂಸತ್ತು ಆಗಸ್ಟ್ ಹೊತ್ತಿಗೆ ಸತ್ತಿರುತ್ತದೆ.

ಜೊತೆಗೆ ಐವರು ವಿದ್ಯಾರ್ಥಿಗಳ ಒಂದು ಪರಿಶೀಲನಾ ಪೀಠ ಮಾಡಿ. ಸಂಸತ್ತಿನ ನಿಯಮ ಸಂವಿಧಾನಕ್ಕೋ ಕಾನೂನಿಗೋ ವಿರುದ್ಧ ಇದೆ ಎಂದು ಯಾವ ವಿದ್ಯಾರ್ಥಿಯೂ ಅದಕ್ಕೆ ಅರ್ಜಿ ಕೊಡಬಹುದು. "ತಡವಾಗಿ ಬಂದವರಿಗೆ ಬಿಸಿಯೂಟ ಇಲ್ಲ" ಎಂಬ ನಿಯಮ ಬಹುಮತದಿಂದ ಪಾಸಾಯಿತು ಅನ್ನಿ. ಪೀಠ ಅದನ್ನು ರದ್ದು ಮಾಡಬೇಕು. ಏಕೆಂದರೆ 8ನೇ ತರಗತಿವರೆಗೆ ಮಧ್ಯಾಹ್ನದ ಊಟ ಆಹಾರ ಭದ್ರತಾ ಕಾಯ್ದೆ 2013ರಡಿ ಮಗುವಿನ ಹಕ್ಕು, ಅದನ್ನು ಶಿಕ್ಷೆಯಾಗಿ ತಡೆಯುವಂತಿಲ್ಲ. ಕಾರಣವನ್ನು ಅರ್ಧ ಪುಟದಲ್ಲಿ ಬರೆದು ನೋಟಿಸ್ ಬೋರ್ಡಿಗೆ ಹಾಕಲಿ. ನ್ಯಾಯಿಕ ಪರಿಶೀಲನೆ ಎಂಬ ಮಾತನ್ನು ಇಷ್ಟು ಚೆನ್ನಾಗಿ ಕಲಿಸುವ ಇನ್ನೊಂದು ದಾರಿ ನನಗೆ ಕಾಣುವುದಿಲ್ಲ.

ಮಕ್ಕಳ ಗ್ರಾಮಸಭೆ ಸಾಮಾನ್ಯವಾಗಿ ನವೆಂಬರ್ ಸುಮಾರಿಗೆ ನಡೆಯುತ್ತದೆ. ಅಲ್ಲಿ ಹಾಡು, ಭಾಷಣದಲ್ಲಿ ಸಮಯ ಹೋಗುತ್ತದೆ. ಮಕ್ಕಳು ಮೂರೇ ಬೇಡಿಕೆ ಬರೆದು, ಎರಡು ಪ್ರತಿ ಮಾಡಿ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಂದ ಒಂದರ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಲಿ. ಹಿಂದಿನ ವರ್ಷದ ಬೇಡಿಕೆ ಏನಾಯಿತು ಎಂದು ಮೊದಲು ಕೇಳಲಿ.

10ನೇ ತರಗತಿಗೆ ಮಾಹಿತಿ ಹಕ್ಕು ಅರ್ಜಿ ಬರೆಸಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. ಉತ್ತರಕ್ಕೆ 30 ದಿನ. "ಶಾಲೆ ರಸ್ತೆ ಯಾಕೆ ರಿಪೇರಿ ಮಾಡಿಲ್ಲ?" ಎಂದು ಬರೆದರೆ ಅದು ಮಾಹಿತಿಯಲ್ಲ ಎಂದು ವಾಪಸು ಬರುತ್ತದೆ. "ಈ ರಸ್ತೆಗೆ ಕಳೆದ ಎರಡು ಆರ್ಥಿಕ ವರ್ಷದಲ್ಲಿ ಮಂಜೂರಾದ ಮೊತ್ತ, ಕಾಮಗಾರಿ ಆದೇಶದ ಪ್ರತಿ" ಎಂದು ದಾಖಲೆ ಕೇಳಬೇಕು. ಈ ಎರಡು ವಾಕ್ಯಗಳ ವ್ಯತ್ಯಾಸ ತಿಳಿದ ಮಗು ಮುಂದೆ ಯಾವ ಕಚೇರಿಯಲ್ಲೂ ಸುಲಭಕ್ಕೆ ಬರಿಗೈಲಿ ಹಿಂದಿರುಗುವುದಿಲ್ಲ. ನ್ಯಾಯಾಲಯ ಭೇಟಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಮೊದಲೇ ಪತ್ರ ಬರೆಯಿರಿ. ಒಮ್ಮೆಗೆ 25 ಮಕ್ಕಳಿಗಿಂತ ಹೆಚ್ಚು ಬೇಡ, ಫೋನು ಬೇಡ, ಸಿವಿಲ್ ಪ್ರಕರಣಗಳ ದಿನ ಆರಿಸಿ.

ಅಂಕ ಮತ್ತು ವಿವಾದ

ಎಸ್‌ಎಸ್‌ಎಲ್‌ಸಿಯ ಸಮಾಜ ವಿಜ್ಞಾನದಲ್ಲಿ 80 ಲಿಖಿತ, 20 ಆಂತರಿಕ. ಆಂತರಿಕ ಚಟುವಟಿಕೆಗಳಲ್ಲಿ ಒಂದನ್ನು ಪ್ರಕರಣದ ಬರಹಕ್ಕೆ ಕೊಡಿ, ವಿಧಿಗಳ ಹಾಳೆ ಎದುರಿಗಿಟ್ಟುಕೊಂಡೇ ಬರೆಯಲಿ. 10 ಅಂಕಕ್ಕೆ ಹಂಚಿಕೆ: ಸರಿಯಾದ ವಿಧಿ ಗುರುತಿಸಿದ್ದಕ್ಕೆ 3, ವಿಧಿಯ ಪದಗಳನ್ನು ಸಂಗತಿಗೆ ಹೊಂದಿಸಿದ್ದಕ್ಕೆ 3, ಎದುರು ಪಕ್ಷದ ವಾದವನ್ನು ನ್ಯಾಯವಾಗಿ ಬರೆದದ್ದಕ್ಕೆ 2, ಪರಿಹಾರಕ್ಕೆ ಎಲ್ಲಿ ಹೋಗಬೇಕು ಎಂದದ್ದಕ್ಕೆ 2. ಅಭಿಪ್ರಾಯಕ್ಕೆ ಅಂಕವಿಲ್ಲ ಎಂದು ಹಾಳೆಯ ಮೇಲೇ ಬರೆಯಿರಿ. ನಿಮಗೆ ಒಪ್ಪದ ತೀರ್ಮಾನಕ್ಕೆ ಬಂದ ಮಗುವಿಗೂ 10ಕ್ಕೆ 10 ಸಿಗುವಂತಿರಬೇಕು.

ವಿವಾದ ಬರುವುದು ಹೆಚ್ಚಾಗಿ ಚಾಲ್ತಿ ರಾಜಕೀಯದಿಂದ. ನೀವು ಸರ್ಕಾರಿ ನೌಕರರು. ನಡತೆ ನಿಯಮಗಳು ಪಕ್ಷದ ಪರ ವಿರೋಧ ಮಾತಾಡಲು ಬಿಡುವುದಿಲ್ಲ. ಅದಕ್ಕೇ ಈ ನಿಯಮ ಇಟ್ಟುಕೊಳ್ಳಿ: ಅಂತಿಮ ತೀರ್ಪು ಬಂದ ಪ್ರಕರಣ ಮೊದಲು, ಬಾಕಿ ಇರುವುದು ಕೊನೆಗೆ. ಶಾಲೆಯಲ್ಲಿ ಹಿಜಾಬ್ ಕುರಿತು ಮಕ್ಕಳು ಕೇಳಿಯೇ ಕೇಳುತ್ತಾರೆ. ಆಗ ಹೇಳಬೇಕಾದ್ದು ಇಷ್ಟು: 2022ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಸಮವಸ್ತ್ರ ಕುರಿತ ಸರ್ಕಾರದ ಆದೇಶ ಎತ್ತಿಹಿಡಿಯಿತು, ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಪರಸ್ಪರ ಭಿನ್ನ ತೀರ್ಪು ಕೊಟ್ಟರು, ವಿಷಯ ದೊಡ್ಡ ಪೀಠಕ್ಕೆ ಹೋಗಬೇಕಾಯಿತು. ಇಬ್ಬರ ಕಾರಣಗಳನ್ನೂ ಸಮಾನ ಸಾಲುಗಳಲ್ಲಿ ಓದಿಸಿ, ನಿಮ್ಮ ನಿಲುವು ಹೇಳಬೇಡಿ. 28ನೇ ವಿಧಿಯಂತೆ ಸರ್ಕಾರದ ಹಣದಿಂದಲೇ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ಧರ್ಮದ ಬಗ್ಗೆ ಪ್ರಕರಣ ಓದುವುದು ಬೋಧನೆಯಲ್ಲ ಎಂಬ ವ್ಯತ್ಯಾಸವನ್ನು ಪೋಷಕರಿಗೂ ತಿಳಿಸಿ.

ಅದಕ್ಕೆ ಒಳ್ಳೆಯ ದಾರಿ, ವರ್ಷದ 12 ಹಾಳೆಗಳನ್ನೂ ಜುಲೈನ ಪೋಷಕರ ಸಭೆಯಲ್ಲಿ ಮೇಜಿನ ಮೇಲಿಡುವುದು. ಒಂದು ಪ್ರತಿ ಮುಖ್ಯ ಶಿಕ್ಷಕರ ಬಳಿ, ಒಂದು ಎಸ್‌ಡಿಎಂಸಿ ಕಡತದಲ್ಲಿ, ಪ್ರತಿ ಹಾಳೆಯ ಹಿಂಬದಿ ತೀರ್ಪಿನ ಹೆಸರು ಮತ್ತು ದಿನಾಂಕ. ತಕರಾರು ಬಂದರೆ ಬಾಯಿಮಾತಿನ ಉತ್ತರ ಕೊಡಬೇಡಿ. ಯಾವ ಹಾಳೆ, ಯಾವ ಸಾಲು ಎಂದು ಬರೆದುಕೊಡಲು ಕೇಳಿ, ಒಂದು ವಾರದೊಳಗೆ ವಿಧಿಯ ಪಾಠ ಮತ್ತು ತೀರ್ಪಿನ ಆಧಾರ ತೋರಿಸಿ ಬರವಣಿಗೆಯಲ್ಲೇ ಉತ್ತರಿಸಿ. ಈ ವರ್ಷ 12 ಹಾಳೆ ಆಗದಿದ್ದರೆ ನಾಲ್ಕರಿಂದ ಶುರು ಮಾಡಿ: 15(2), ಬಿಜೋ ಇಮ್ಯಾನುಯೆಲ್, ಮೋಹಿನಿ ಜೈನ್‌ನಿಂದ ಶಿಕ್ಷಣ ಹಕ್ಕಿನವರೆಗೆ, ಮತ್ತು ಮಾಹಿತಿ ಹಕ್ಕು ಅರ್ಜಿ. ನಾಲ್ಕು ಹಾಳೆ, ಹಾಳೆಗೆ ಎರಡು ಅವಧಿಯಂತೆ ಎಂಟು ವಾರ.